ನೀಲಮ್ಮ ಅಕ್ಕೋರು ಕೊಟ್ಟ ಆರು ಅಂಕ

ಸವಣೂರಿನ ಗೌಸುಸಾಬನ ಮನೆಯ ಟೀವಿಗೆ ಮರದ ಎರಡು ಬಾಗಿಲುಗಳಿದ್ದವು. ಅವನ ತಾಯಿ ಬೀಬಿಯವ್ವ ಅವನ್ನು ಸರಿಸುವ ಮೊದಲು ಸೆರಗಿನ ತುದಿಯಿಂದ ಧೂಳು ಒರೆಸಿ, ಒಳಗೆ ಯಾರೋ ಮಲಗಿದ್ದಾರೇನೋ ಎಂಬಂತೆ ಸದ್ದಾಗದ ಹಾಗೆ ತೆರೆಯುತ್ತಿದ್ದರು. ಎಂಬತ್ತರ ದಶಕದ ನಡುಗಾಲದ ಮಾತು ಇದು. ಮಾಳಿಗೆಯ ಮೇಲೆ ಹುಬ್ಬಳ್ಳಿಯ ದಿಕ್ಕಿಗೆ ಮುಖ ಮಾಡಿ ನಿಂತ ಆಂಟೆನಾ ಗಾಳಿಗೆ ಒಂದಿಷ್ಟು ಕತ್ತು ಹೊರಳಿಸಿದರೂ ಸಾಕು, ಪರದೆಯ ತುಂಬ ಬಿಳಿ ಚುಕ್ಕಿಗಳ ಮಳೆ.

ಆಗ ನಾನು ಶಿಗ್ಗಾಂವದ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಶಿಕ್ಷಕರ ತರಬೇತಿಗೆಂದು ಒಂದು ವಾರ ಸವಣೂರಿಗೆ ಬಂದಿದ್ದೆ. ವೀಳ್ಯದೆಲೆಯ ವ್ಯಾಪಾರಿ ಗೌಸು ನನ್ನ ಹಳೆಯ ಸಹಪಾಠಿಯಾದ್ದರಿಂದ, ಭಾನುವಾರ ಮಧ್ಯಾಹ್ನ ಚಹಾಕ್ಕೆ ಕರೆದಿದ್ದ. ಅದೇ ತರಬೇತಿಗೆ ಬಂದಿದ್ದ ಅಕ್ಕಿಆಲೂರಿನ ನೀಲಮ್ಮ ಅಕ್ಕೋರು ಮತ್ತು ಅವರ ಮಗಳು ಸುನಂದಾ ಕೂಡ ಜೊತೆಗಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ಊರಿಗೇ ಅಕ್ಕೋರು. ನೀಲಮ್ಮನವರು ಕನ್ನಡ ಕಲಿಸುತ್ತಿದ್ದರು, ಕೋಲಾಟವನ್ನೂ ಕಲಿಸುತ್ತಿದ್ದರು. ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ ಸುನಂದಾ ಅವರ ಮಗಳೂ ಹೌದು, ಶಿಷ್ಯೆಯೂ ಹೌದು.

ಟೀವಿಯಲ್ಲಿ ಅಂದು ಯಾವುದೋ ದೂರದೇಶದ ಮಂಜುಗಡ್ಡೆಯ ಅಂಗಳ. ಪಾದರಕ್ಷೆಗೆ ಉಕ್ಕಿನ ಅಲಗು ಕಟ್ಟಿಕೊಂಡು ಅದರ ಮೇಲೆ ಜಾರುತ್ತ ನರ್ತಿಸುವ ಅಂತರರಾಷ್ಟ್ರೀಯ ಸ್ಪರ್ಧೆ. ಕಪ್ಪು ಬಿಳುಪಿನ ಆ ಪೆಟ್ಟಿಗೆಯಲ್ಲಿ ಅಂಗಳದ ಹಿಮ ಯಾವುದು, ಆಂಟೆನಾ ಸುರಿಸಿದ ಹಿಮ ಯಾವುದು ಎಂದು ಮೊದಲು ತಿಳಿಯಲಿಲ್ಲ. ಬರಬರುತ್ತ ಆ ಬಿಳುಪಿನೊಳಗಿಂದ ಒಬ್ಬ ಹುಡುಗಿ ಮೂಡಿದಳು. ನೀರ ಮೇಲೆ ಗಾಳಿ ಹೋದಂತೆ ಹೋದಳು. ಒಂದೇ ಕಾಲಿನ ಮೇಲೆ ಬುಗುರಿಯಾಗಿ ತಿರುಗಿ, ತಿರುಗುತ್ತಲೇ ಕುಳಿತು, ಕುಳಿತಲ್ಲಿಂದಲೇ ಎದ್ದಳು. ನೋಡುತ್ತಿದ್ದ ನನಗೆ, ಮೂವತ್ತು ವರ್ಷದಿಂದ ಕಾಗದದ ಮೇಲೆ ನಾನು ಎಳೆಯಲು ಹೆಣಗಿದ ಒಂದು ಗೆರೆಯನ್ನು ಇವಳು ಕಾಲಿನಿಂದ ಎಳೆಯುತ್ತಿದ್ದಾಳೆ ಎನ್ನಿಸಿ ಕೈಯಲ್ಲಿದ್ದ ಚಹಾ ಆರಿಹೋಯಿತು.

ಅವಳು ಆ ನೆಲದವಳೇ, ಆತಿಥೇಯ ದೇಶದ ಹುಡುಗಿ. ಒಂದು ಎತ್ತರದ ಜಿಗಿತದಿಂದ ಇಳಿಯುವಾಗ ದೇಹ ಚೂರು ವಾಲಿ, ಒಂದು ಕ್ಷಣ ಕೈ ಹಿಮಕ್ಕೆ ತಾಗಿತು. ಮರುಕ್ಷಣವೇ ಸಾವರಿಸಿಕೊಂಡು ನಗುತ್ತ ಮುಂದೆ ಹೋದಳು. ಆಟ ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಪರದೆಯ ಕೆಳಗೆ ಸಾಲಾಗಿ ಅಂಕಗಳು ಬಂದವು. ಒಬ್ಬೊಬ್ಬ ತೀರ್ಪುಗಾರನ ಅಂಕವೂ ಅವನವನ ದೇಶದ ಹೆಸರಿನೊಡನೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟವನು ಅವಳದೇ ದೇಶದ ತೀರ್ಪುಗಾರ.

ಇಂಗ್ಲಿಷ್ ವಿವರಣೆಯನ್ನು ಕೇಳಿ ಅಕ್ಕೋರು ಇದನ್ನು ಬಿಡಿಸಿ ಹೇಳಿದಾಗ ಬೀಬಿಯವ್ವ ಗಲ್ಲಕ್ಕೆ ಕೈಯಿಟ್ಟರು.

“ಯಾ ಅಲ್ಲಾ! ತಮ್ಮೂರ ಹುಡುಗಿಗೇ ಕಮ್ಮಿ ಕೊಟ್ಟಾನ? ಅಂವ ಇವತ್ತ ಮನಿಗೆ ಹೆಂಗ ಹೋಗ್ತಾನವಾ?”

“ನೆಟ್ಟಗ ಹೋಗ್ತಾನ್ರಿ” ಎಂದರು ಅಕ್ಕೋರು.

ಸುನಂದಾಳಿಗೆ ಸಮಾಧಾನವಾಗಲಿಲ್ಲ. “ಒಂದ ಕ್ಷಣ ಕೈ ತಾಗಿತ್ತು ಅಷ್ಟ ಅಲ್ಲೇನವಾ? ಉಳದದ್ದು ಎಷ್ಟ ಚಂದ ಮಾಡಿದ್ಲು!”

“ಚಂದ ಮಾಡಿದ್ದು ಖರೆ. ಕೈ ತಾಗಿದ್ದೂ ಖರೆ.”

ಕೊನೆಗೆ ಆ ಹುಡುಗಿ ಮೂರನೆಯವಳಾದಳು. ಸದ್ದಿಲ್ಲದೆ ಬಂದು, ಎಲ್ಲಿಯೂ ಎಡವದೆ, ಹೂವಿನ ಮೇಲಿಂದ ಹನಿ ಜಾರಿದಷ್ಟು ಸಹಜವಾಗಿ ಜಾರಿಹೋದ ಬೇರೊಂದು ದೇಶದವಳು ಮೊದಲನೆಯವಳಾದಳು. ಮೂರನೆಯವಳು ಬಹುಮಾನದ ಕೆಳಗಿನ ಮೆಟ್ಟಿಲಿನಿಂದಲೇ ಕೈಚಾಚಿ ಅವಳನ್ನು ಅಪ್ಪಿಕೊಂಡದ್ದನ್ನು ನೋಡಿ ಬೀಬಿಯವ್ವನ ಕಣ್ಣು ತುಂಬಿತು.

ಚೆಲುವಿಗೆ ಅಂಕ ಹಾಕುವುದು ಎಂಥ ವಿಚಿತ್ರ ಕಸುಬು, ನೀವೇ ಹೇಳಿ. ಮಕ್ಕಳು ಬರೆದ ಮಾವಿನಕಾಯಿಗೆ ಅಂಕ ಕೊಟ್ಟೇ ಸಂಬಳ ಪಡೆದವನು ನಾನು. ಕಾಯಿ ಬದನೆಯಂತಿದ್ದರೂ ಕೂಸಿನ ಮುಖ ನೋಡಿ ಹತ್ತಕ್ಕೆ ಏಳು ಹಾಕುತ್ತಿದ್ದೆ. ಅದನ್ನು ದೊಡ್ಡ ಮನಸ್ಸೆಂದು ಜನರೂ ಹೇಳಿದರು, ನಾನೂ ನಂಬಿದೆ. ಆ ದೊಡ್ಡ ಮನಸ್ಸಿನೊಳಗೆ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಪುಕ್ಕಲುತನ ಎಂದು ತೂಗಿ ನೋಡುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಅದು ಬಂದದ್ದು ಮುಂದಿನ ತಿಂಗಳು, ಹಾನಗಲ್ಲಿನಲ್ಲಿ.

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ಈ ನಾಲ್ಕೂ ತಾಲೂಕುಗಳ ಶಾಲೆಗಳಿಗೆ ಕೋಲಾಟದ ಪಂದ್ಯ. ತಾಲೂಕಿಗೊಂದು ತಂಡ, ತಾಲೂಕಿಗೊಬ್ಬ ತೀರ್ಪುಗಾರ. ಶಿಗ್ಗಾಂವದ ಪರವಾಗಿ ನಾನು. ಹಾನಗಲ್ಲ ತಾಲೂಕಿನ ತಂಡವೆಂದು ಬಂದವರು ಅಕ್ಕಿಆಲೂರಿನ ಹುಡುಗಿಯರು, ಮುಂದಾಳು ಸುನಂದಾ. ಆ ತಾಲೂಕಿನ ತೀರ್ಪುಗಾರರು ಜ್ವರ ಬಂದು ಮಲಗಿದ್ದರಿಂದ, ಸಂಘಟಿಸಿದ್ದ ಹೆಡ್ ಮಾಸ್ತರರು ನೀಲಮ್ಮ ಅಕ್ಕೋರಿಗೇ ಗಂಟುಬಿದ್ದರು.

“ನನ್ನ ಮಗಳ ಕುಣ್ಯಾಕತ್ತಾಳ, ನಾ ಹೆಂಗ ಕುಂಡರ್ಲಿ ಸರ?”

“ಕೋಲಾಟ ಬಲ್ಲಾವ್ರು ನಿಮ್ಮನ್ನ ಬಿಟ್ರ ಇಲ್ಲೆ ಯಾರದಾರ್ರಿ? ಇಲ್ಲಾ ಅನಬ್ಯಾಡ್ರಿ.”

ಅಕ್ಕೋರು ಅಂಕದ ಚೀಟಿಗಳನ್ನು ಬದಿಗೆ ಸರಿಸಿದರು. “ಹಂಗಾರ ಒಂದ ಮಾತು. ಚೀಟಿ ಬರದು ಒಳಗ ಕೊಡೂದು ಬ್ಯಾಡ. ನಾಲ್ಕೂ ಮಂದಿ ಕೈಯಾಗ ಒಂದೊಂದು ಪಾಟಿ ಕೊಡ್ರಿ. ಆಟ ಮುಗಿದ ಕೂಡ್ಲೆ ಹತ್ತಕ್ಕ ಇಷ್ಟು ಅಂತ ಅಂಕ ಬರದು ಎಲ್ಲಾರ ಮುಂದ ಎತ್ತಿ ತೋರಸೂಣು.”

“ಜಗಳ ಆಕ್ಕಾವ್ರಿ ಅಕ್ಕೋರ!”

“ಆಗ್ಲಿ ಬಿಡ್ರಿ. ಮುಚ್ಚಿಟ್ರ ಮನಸಿನ್ಯಾಗ ಆಕ್ಕಾವು.”

ನಾಲ್ಕನೆಯ ಇಯತ್ತೆಯ ಮಕ್ಕಳಿಂದ ಸ್ಲೇಟಿನ ಪಾಟಿ, ಬಳಪ ಬಂದವು. ಸವಣೂರಿನ ಆ ಮಧ್ಯಾಹ್ನವನ್ನು ನೆನೆದು ನಾನು ಅಕ್ಕೋರತ್ತ ನೋಡಿ ನಕ್ಕೆ. ಅವರು ನಗಲಿಲ್ಲ.

ಹಿರೇಕೆರೂರಿನ ತಂಡ ಮೂರನೆಯ ಸರದಿಯಲ್ಲಿ ಬಂದು ಬಹಳ ಚೆನ್ನಾಗಿ ಆಡಿ, ಒಟ್ಟು ಮೂವತ್ತೆರಡು ಅಂಕ ಪಡೆಯಿತು. ಕೊನೆಗೆ ಅಕ್ಕಿಆಲೂರು. ಹದಿನಾರು ಕೋಲುಗಳು ಒಂದೇ ಕೋಲಿನಂತೆ ನುಡಿದವು. ಸುನಂದಾ ನಡುವೆ ನಿಂತರೆ ಸುತ್ತಿನ ವೃತ್ತ ಅವಳ ಉಸಿರಿನೊಡನೆ ಅರಳಿ ಮುಚ್ಚುತ್ತಿತ್ತು. ಕೊನೆಯ ಸುತ್ತಿನಲ್ಲಿ, ಗತಿ ದ್ವಿಗುಣವಾದಾಗ, ಬಲಕ್ಕೆ ಹೊರಳಬೇಕಾದವಳು ಎಡಕ್ಕೆ ಹೊರಳಿದಳು. ಅವಳ ಕೋಲು ಎದುರಿನ ಕೋಲಿಗೆ ಸಿಗದೆ ಗಾಳಿಗೆ ಬಡಿಯಿತು. ಒಂದೇ ಒಂದು ಪೆಟ್ಟು ಖಾಲಿ. ಮುಂದಿನ ಪೆಟ್ಟಿಗೆ ಅವಳು ಸರಿಹೋದಳು. ನೆರೆದವರಲ್ಲಿ ಬಹಳ ಮಂದಿಗೆ ಅದು ತಿಳಿದಿರಲಿಕ್ಕಿಲ್ಲ. ನನಗೆ ತಿಳಿಯಿತು.

ಬಳಪ ಕೈಯಲ್ಲಿತ್ತು. ಮನಸ್ಸು ಏಳು ಎಂದಿತು. ಮಗ್ಗುಲಲ್ಲಿ ತಾಯಿ ಕುಳಿತಿದ್ದಾಳೆ, ಎದುರಿಗೆ ಬೆವರೊರೆಸಿಕೊಳ್ಳುತ್ತ ಮಗಳು ನಿಂತಿದ್ದಾಳೆ. ನಾನು ಒಂಬತ್ತು ಬರೆದು ಎತ್ತಿದೆ. ಚಪ್ಪಾಳೆ ಬಿತ್ತು. ಸವಣೂರಿನವರೂ ಒಂಬತ್ತು, ಹಿರೇಕೆರೂರಿನವರು ಏಳು. ಕೊನೆಗೆ ಅಕ್ಕೋರು ಪಾಟಿ ಎತ್ತಿದರು. ಆರು.

ಒಂದೇ ಅಂಕದಿಂದ ಹಿರೇಕೆರೂರು ಗೆದ್ದಿತು. ಅಕ್ಕಿಆಲೂರಿನ ಕಡೆಯವರೊಬ್ಬರು ಹಿಂದಿನಿಂದ, “ಹಡದ ತಾಯೀನ ಹಿಂಗ ಮಾಡಿದ್ರ ಹೆಂಗ್ರಿ!” ಎಂದು ಕೂಗಿದರು. ಅಕ್ಕೋರು ಪಾಟಿಯನ್ನು ಕೆಳಗಿಳಿಸಲಿಲ್ಲ. ಬರೆದುಕೊಳ್ಳುವವರು ಬರೆದುಕೊಳ್ಳುವ ತನಕ ಹಾಗೆಯೇ ಹಿಡಿದಿದ್ದರು. ಆ ಗಳಿಗೆಯಲ್ಲಿ ನನಗಾದದ್ದು ಬರಿಯ ಮೆಚ್ಚುಗೆಯಲ್ಲ. ಎತ್ತರದ ಗುಡಿಯ ಬುಡದಲ್ಲಿ ನಿಂತು ತಲೆಯೆತ್ತಿದಾಗ ನಮ್ಮ ಎತ್ತರ ನಮಗೇ ನೆನಪಾಗುತ್ತದಲ್ಲ, ಅಂಥದೊಂದು ಭಾವ.

ಸಂಜೆ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ನಮ್ಮ ಬಸ್ಸಿಗೆ ಕಾಯುತ್ತ ಒಂದೇ ಕಟ್ಟೆಯ ಮೇಲೆ ಕುಳಿತೆವು. ಸುನಂದಾ ತಾಯಿಯೊಡನೆ ಮಾತಾಡಿರಲಿಲ್ಲ. ಅತ್ತ ಗುರುತು ಕೆನ್ನೆಯ ಮೇಲೆ ಒಣಗಿತ್ತು. ಒಮ್ಮೆಲೇ ನನ್ನ ಕಡೆ ತಿರುಗಿದಳು.

“ಸರ, ನೀವು ಒಂಬತ್ತು ಕೊಟ್ರಿ. ನಾ ತಪ್ಪಿದ್ದು ನಿಮಗ ಕಾಣಲಿಲ್ಲೇನ್ರಿ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕೋರು ರಸ್ತೆಯ ಕಡೆ ನೋಡುತ್ತಿದ್ದರು.

“ಕಂಡಿತ್ತವಾ” ಎಂದೆ.

“ಮತ್ತ?”

“ನಿಮ್ಮವ್ವ ಬಾಜೂಕ ಕುಂತಿದ್ರು. ನೀ ಎದರಿಗೆ ನಿಂತಿದ್ದಿ. ನನಗ ಧೈರ್ಯ ಆಗಲಿಲ್ಲ.”

ಹುಡುಗಿ ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ನಾನು ಏನೋ ಒಂದನ್ನು ಕೊಟ್ಟು ಹಿಂದಕ್ಕೆ ತೆಗೆದುಕೊಂಡಂತೆ, ತೆಗೆದುಕೊಂಡದ್ದೇ ಒಳ್ಳೆಯದಾಯಿತೆಂಬಂತೆ ನೋಡಿದಳು. ಆಮೇಲೆ ಚೀಲದಿಂದ ಕೋಲುಗಳನ್ನು ತೆಗೆದು, ಚಪ್ಪಲಿ ಬಿಟ್ಟು, ತಾಯಿಯ ಮುಂದೆ ಹೋಗಿ ನಿಂತಳು.

“ಅವ್ವಾ, ಆ ಕಡೀ ಸುತ್ತ ಇನ್ನೊಮ್ಮಿ ಹೇಳಿಕೊಡು.”

ಅಕ್ಕೋರು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಜೋಡಿ ಕೋಲು ಕೈಗೆತ್ತಿಕೊಂಡರು. ಶೇಂಗಾ ಮಾರುವವಳು ತನ್ನ ಬುಟ್ಟಿಯನ್ನು ಒಂದಿಷ್ಟು ಆಚೆ ಎಳೆದುಕೊಂಡು ಜಾಗ ಮಾಡಿಕೊಟ್ಟಳು. ಧೂಳಿನಲ್ಲಿ ಬರಿಗಾಲಿನ ತಾಯಿ ಮಗಳು ಹೊರಳಿದರು, ಕೋಲು ಕೋಲಿಗೆ ತಾಗಿತು, ಮತ್ತೆ ಹೊರಳಿದರು. ಅಷ್ಟರಲ್ಲಿ ಅಕ್ಕಿಆಲೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ “ಹತ್ರಿ, ಲಗೂ ಹತ್ರಿ” ಎಂದು ಅವಸರ ಮಾಡಿದ. ಅಕ್ಕೋರು ಕೋಲು ಹಿಡಿದ ಕೈಯಿಂದಲೇ ಅವನನ್ನು ತಡೆದು, ಮಗಳು ಬಲಕ್ಕೆ ಹೊರಳಿ ಆ ಸುತ್ತನ್ನು ಮುಗಿಸಿದ ಮೇಲೆಯೇ ಬಸ್ಸು ಹತ್ತಿದರು.