ರೊಸಾಲ್ಬಾಳ ಪುಕ್ಕಲು ಸ್ವಿಚ್ಚು

ರೊಸಾಲ್ಬಾ ಟಿಹೆರಿನಾಳ ಬಾಯಿ ಜೋರು ಅನ್ನೋದು ಆಸ್ಟಿನ್ನಿನಲ್ಲಿ ಕಂಪ್ಯೂಟರ್ ಚಿಪ್ ಮಾಡುವವರಿಗೆಲ್ಲ ಗೊತ್ತು. ಲರೇಡೋದ ಟೈರ್ ಅಂಗಡಿಯವನ ಮಗಳು. ಲೆಕ್ಕದಲ್ಲಿ ಹುಲಿ. ಓದು ಮುಗಿದದ್ದೇ ಆಸ್ಟಿನ್ನಿನ ಒಂದು ಚಿಪ್ ಕಂಪನಿ ಸೇರಿ, ಪ್ರೊಸೆಸರಿನ ನಾಲ್ಕು ಪೀಳಿಗೆ ದಾಟಿಸಿದವಳು. ನಡುವೆ ಒಂದು ಮದುವೆಯೂ ಆಗಿತ್ತು, ಉಳಿಯಲಿಲ್ಲ. ಯಾಕೆ ಅಂತ ಕೇಳಿದರೆ, "ಅವನು ತುಂಬ ನಿಧಾನ" ಅಂದು ಮಾತು ಮುಗಿಸುತ್ತಿದ್ದಳು.

ಐದನೇ ಪೀಳಿಗೆಯಲ್ಲಿ ಅವಳ ಪಾಲಿಗೆ ಬಂದದ್ದು ಪ್ರಿಫೆಚರ್. ಪ್ರೊಸೆಸರಿಗೆ ಮುಂದೆ ಯಾವ ಮಾಹಿತಿ ಬೇಕಾಗುತ್ತೆ ಅಂತ ಊಹಿಸಿ, ಅದು ಕೇಳುವ ಮೊದಲೇ ತಂದಿಡುವ ಭಾಗ. ಊಟಕ್ಕೆ ಕೂತವರು ಬಾಯಿಬಿಡುವ ಮೊದಲೇ ನೀರಿನ ಲೋಟ ತಂದಿಡುವ ಮನೆಯೊಡತಿ ಇರ್ತಾಳಲ್ಲ, ಹಾಗೆ. ಐದು ವರ್ಷ ಅವಳು ಅದನ್ನೇ ಉಂಡಳು, ಅದನ್ನೇ ಹೊದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೂ ಇರಲಿಲ್ಲ, ಕಾಗದದ ಮೇಲೆ ಅದು ನಿಜಕ್ಕೂ ಚೆಂದದ ಕೂಸೇ.

ಈ ಕಸುಬಿನಲ್ಲೊಂದು ರೂಢಿ. ಚಿಪ್‌ಗೆ ಹೊಸದಾಗಿ ಏನು ಸೇರಿಸಿದರೂ, ಅದು ಕೈಕೊಟ್ಟರೆ ಆರಿಸಲಿಕ್ಕೆ ಅಂತ ಚಿಪ್ ಒಳಗೇ, ಸಾಫ್ಟ್‌ವೇರಿನಿಂದ ಹಾಕಿ ಆರಿಸುವ ಒಂದು ಗುಟ್ಟಿನ ಸ್ವಿಚ್ಚು ಇಡುತ್ತಾರೆ. ಅದಕ್ಕೆ ಅವರೇ ಇಟ್ಟ ಹೆಸರು ಪುಕ್ಕಲು ಸ್ವಿಚ್ಚು. ರೊಸಾಲ್ಬಾ ಮಾತ್ರ ಸುತರಾಂ ಒಪ್ಪಲಿಲ್ಲ.

"ಹೆರೋಕೆ ಮುಂಚೆನೇ ಶವಪೆಟ್ಟಿಗೆ ಮಾಡಿಸ್ತೀರೇನ್ರೋ? ನಂದಕ್ಕೆ ಅದು ಬೇಡ" ಅಂದಳು.

"ಇರ್ಲಿ ಬಿಡೇ ರೊಸಾ, ಅದೇನು ಅನ್ನ ಕೇಳುತ್ತಾ?" ಅಂದ ಹಾಲಿಸ್ ಬ್ರಾಂಟ್. ಇಪ್ಪತ್ತು ವರ್ಷದಿಂದ ಪಕ್ಕದ ಮೇಜಿನವನು. ಸಾಧು ಮನುಷ್ಯ.

"ನಿಂಗೆ ಬೇಕಿದ್ರೆ ನಿನ್ ಹಣೆಗೊಂದು ಇಟ್ಕೊಳೋ!"

ಹಾಲಿಸ್ ನಕ್ಕ. ಅವನು ಸ್ವಿಚ್ಚಿನ ಮಾತು ಅಲ್ಲಿಗೇ ಬಿಟ್ಟ ಅಂತ ಎಲ್ಲರೂ ಅಂದುಕೊಂಡರು.

ಮೊದಲ ಚಿಪ್ ಕಾರ್ಖಾನೆಯಿಂದ ಬಂದ ದಿನ ಲ್ಯಾಬಿನಲ್ಲಿ ಹಬ್ಬ. ಮೊಟ್ಟೆ, ಆಲೂಗೆಡ್ಡೆ ಸುತ್ತಿದ ಟಾಕೋಗಳ ರಾಶಿ. ಹಾಲಿಸ್ ಮಾತ್ರ ಇರಲಿಲ್ಲ, ಅಪ್ಪ ತೀರಿಕೊಂಡರೆಂದು ಊರಿಗೆ ಹೋಗಿದ್ದ. ಚಿಪ್ ಕೂರಿಸಿದ ಯಂತ್ರಕ್ಕೆ ಕರೆಂಟು ಕೊಟ್ಟರು. ಎದ್ದಿತು, ಒಂದೆರಡು ನಿಮಿಷ ಓಡಿತು, ಗಪ್ ಅಂತ ನಿಂತುಬಿಟ್ಟಿತು. ಆಗಲೂ ಒಂದು ರೂಢಿಯಿದೆ. ಪುಕ್ಕಲು ಸ್ವಿಚ್ಚುಗಳ ಸಾಲನ್ನೆಲ್ಲ ಒಂದೇ ಏಟಿಗೆ ಆರಿಸುತ್ತಾರೆ. ಯಂತ್ರ ನೆಟ್ಟಗಾದ ಮೇಲೆ ಒಬ್ಬೊಬ್ಬರೇ "ನಂದು ಹಾಕಿ" ಅಂತ ಕೂಗಬೇಕು, ಅವರದನ್ನು ಹಾಕುತ್ತಾರೆ. ಎಲ್ಲರೂ ಕೂಗಿದರು. ಎಲ್ಲರದೂ ಓಡಿತು. ರೊಸಾಲ್ಬಾ ಕೈಕಟ್ಟಿ ನಿಂತು, "ನಂದು ಆರಿಸೋಕೆ ಬರಲ್ಲಪ್ಪಾ, ಹಾಕೋದೇನು!" ಅಂತ ಬೀಗಿದಳು. ಮೊದಲು ನಿಂತದ್ದು ಯಾವುದೋ ತಂತಿ ಸಡಿಲ ಇದ್ದಿರಬೇಕು ಅಂತ ಕೈತೊಳೆದುಕೊಂಡರು. ಚಿಪ್ ವೇಗದ ಗುರಿ ಮುಟ್ಟಿತು, ಮುಟ್ಟಿದ ಮೇಲೆ ಹೇಗೆ ಅಂತ ಯಾರು ಕೇಳ್ತಾರೆ! ರೊಸಾಲ್ಬಾಗೆ ಸನ್ಮಾನ ಆಯಿತು. ಅವತ್ತು ಸ್ವಿಚ್ಚುಗಳು ಹೇಗಿದ್ದವೋ ಹಾಗೇ ಆ ಪೀಳಿಗೆ ಮನೆಮನೆಯ ಮೇಜಿನ ಕಂಪ್ಯೂಟರಿಗೂ ಊರೂರಿನ ಸರ್ವರುಗಳಿಗೂ ಹೋಗಿ ಕೂತಿತು.

ಮರುವರ್ಷ ಆರನೇ ಪೀಳಿಗೆಯ ತಯಾರಿ. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನಿಸುವವಳು ಮ್ಯಾನೇಜರ್ ನದೀನ್ ಓಕ್ಲಿ. ತನ್ನ ಪ್ರಿಫೆಚರ್ ಹೋಗುವ ಮಾತೇ ಇಲ್ಲ ಅಂತ ರೊಸಾಲ್ಬಾ ಸಭೆಯಲ್ಲಿ ನಿಶ್ಚಿಂತೆಯಾಗಿ ಕಾಫಿ ಹೀರುತ್ತ ಕೂತಿದ್ದಳು.

"ರೊಸಾಲ್ಬಾ, ಬೇಜಾರ್ ಮಾಡ್ಕೋಬೇಡಿ" ಅಂದಳು ನದೀನ್. "ಮಾರಾಟವಾದ ಚಿಪ್‌ಗಳನ್ನೇ ತೆಗೆದು ಅಳೆದ್ವಿ. ನಿಮ್ಮದು ಏನೂ ತರ್ತಿಲ್ಲ."

"ಕಮ್ಮಿ ತರ್ತಿದೆಯಾ?"

"ಕಮ್ಮಿ ಅಲ್ಲ. ಸೊನ್ನೆ. ಹುಟ್ಟಿದಾಗಿನಿಂದ ಒಂದು ಸಲವೂ ತಂದಿಲ್ಲ."

ಸೊನ್ನೆ ಅಂದರೇನರ್ಥ? ಜಗಳಕ್ಕೆ ಬಾಯಿ ತೆರೆದ ರೊಸಾಲ್ಬಾ, ಎದುರಿಗೆ ಕೂತಿದ್ದ ಹಾಲಿಸ್‌ನ ಮುಖ ಕಂಡು ನಿಂತಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ರೊಸಾ... ಸ್ವಿಚ್ಚು ನಾನೇ ಇಟ್ಟಿದ್ದೆ. ನಿನ್ ಜೊತೆ ಜಗಳ ಯಾಕೆ ಅಂತ ಹೇಳ್ಲಿಲ್ಲ. ಅವತ್ತು ನಾನಿರ್ಲಿಲ್ಲ, ಎಲ್ಲದರ ಜೊತೆ ಅದೂ ಆರಿರುತ್ತೆ. ಪಟ್ಟೀಲಿ ನೋಡಿ ನೀನೇ ಹಾಕಿಸಿರ್ತೀಯ ಅಂದ್ಕೊಂಡೆ ಕಣೇ."

"ಇದೆ ಅಂತ ಗೊತ್ತಿದ್ರೆ ತಾನೇ ಹಾಕ್ಸೋದು!"

ಗರ ಬಡಿದವಳ ಹಾಗೆ ಕೂತಳು. ಐದು ವರ್ಷದ ದುಡಿಮೆ. ಲಕ್ಷಾಂತರ ಜನರ ಮೇಜಿನ ಮೇಲೆ ಕೂತು, ಅದು ಕಣ್ಣೇ ಬಿಟ್ಟಿಲ್ಲ! ಹಾಗಾದರೆ ಆ ಸನ್ಮಾನ ಯಾವುದಕ್ಕೆ ಮಾಡಿದರು? ಅಯ್ಯೋ, ಹಾಲಿಸ್‌ನನ್ನು ಅಲ್ಲೇ ಸಿಗಿದು ಹಾಕಬೇಕು ಅನ್ನಿಸಿತು ಅವಳಿಗೆ.

"ಹಾಗಾದ್ರೆ ಈಗ ಹಾಕಿ ನೋಡೋಣ" ಅಂದಳು ನದೀನ್. "ಓಡಿದ್ರೆ ಆರನೇದ್ರಲ್ಲೂ ಇರುತ್ತೆ."

ಎಲ್ಲರೂ ಲ್ಯಾಬಿಗೆ ನುಗ್ಗಿದರು. ಹಾಲಿಸ್ ಸ್ವಿಚ್ಚು ಹಾಕಿದ. ಪರದೆಯ ಮೇಲೆ ಅಂಕಿ ಏರಿತು. ಇನ್ನೂ ಏರಿತು. ನೂರಕ್ಕೆ ಹತ್ತು ಪಾಲು ಹೆಚ್ಚು ವೇಗ! ಯಾರೋ ಚಪ್ಪಾಳೆ ತಟ್ಟಿದರು. "ಈ ವಾರವೇ ಗಿರಾಕಿಗಳೆಲ್ಲರ ಯಂತ್ರದಲ್ಲೂ ಹಾಕ್ಸಿಬಿಡೋಣ!" ಅಂದಳು ನದೀನ್. ರೊಸಾಲ್ಬಾಳ ಕಣ್ಣು ತುಂಬಿತು. ನೋಡ್ರೋ, ನನ್ನ ಕೂಸು ನೋಡ್ರೋ ಅಂತ ಕೂಗಬೇಕು ಅನ್ನಿಸಿತು.

ಯಂತ್ರ ಗಪ್ ಅಂತ ನಿಂತಿತು.

ಮತ್ತೆ ಎಬ್ಬಿಸಿದರು. ಮತ್ತೆ ಅಷ್ಟೇ ಹೊತ್ತು ಓಡಿ ನಿಂತಿತು. ಸ್ವಿಚ್ಚು ಆರಿಸಿದರು. ಸುಗಮವಾಗಿ ಓಡಿತು.

ಮೊದಲ ದಿನ ಯಂತ್ರ ನಿಂತದ್ದು ತಂತಿ ಸಡಿಲವಾಗಿ ಅಲ್ಲ, ಈ ಪ್ರಿಫೆಚರಿನಿಂದ ಅನ್ನೋದು ಒಬ್ಬೊಬ್ಬರಿಗೂ ಹೊಳೆಯುತ್ತಾ ಬಂತು. ಆ ಸ್ವಿಚ್ಚು ಇಲ್ಲದೇ ಹೋಗಿದ್ದರೆ ಆ ಇಡೀ ಪೀಳಿಗೆ ಲ್ಯಾಬಿನಲ್ಲೇ ಮಣ್ಣಾಗುತ್ತಿತ್ತು.

"ದೇವರು ದೊಡ್ಡವನು, ಹಾಲಿಸ್!" ಅಂತ ನದೀನ್ ಅವನ ಬೆನ್ನು ತಟ್ಟಿದಳು. ಉಳಿದವರೂ ನಗುತ್ತಾ ಅವನನ್ನು ಮುತ್ತಿಕೊಂಡರು. ಪ್ರಿಫೆಚರ್ ಆರನೇ ಪೀಳಿಗೆಯಲ್ಲಿ ಇರೋದಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ರೊಸಾಲ್ಬಾಳ ಕಡೆ ತಿರುಗಿ ನೋಡದೆ ಇದ್ದದ್ದೇ ಅವರು ತೋರಿಸಿದ ಮರ್ಯಾದೆ.

ಅವಳು ಕಡೆಯವರೆಗೂ ಕಾದಳು. ಎಲ್ಲರೂ ಸರಿದ ಮೇಲೆ ಎದ್ದು ಹೋಗಿ ಹಾಲಿಸ್‌ನ ಕೈ ಹಿಡಿದುಕೊಂಡಳು.

"ಥ್ಯಾಂಕ್ಸ್ ಕಣೋ" ಅಂದಳು. ಇಪ್ಪತ್ತು ವರ್ಷದಲ್ಲಿ ಅವನು ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು, ಅತ್ತುಬಿಟ್ಟ.