ಸೀಟಿ ಇಲ್ಲದ ವಿಡಿಯೋ

ಕುಕ್ಕರ್ ಸೀಟಿಯ ಆ ವಿಡಿಯೋ ಮಾಡಿದವನು ಯಾರೆಂದು ಮೆಕ್ಯಾನಿಕ್‌ಗೆ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾದ ದಿನ ಅವನ ಗ್ರಹಚಾರ ಬಿಡಿಸದೆ ಬಿಡುವವನಲ್ಲ.

ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಹುಡುಗ ಹುಡುಗಿಯರಿಗೆ ಅರ ಹಿಡಿದು ಕಬ್ಬಿಣ ಉಜ್ಜುವುದನ್ನು ಹೇಳಿಕೊಡುವುದು ಅವನ ಕೆಲಸ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು, ಸೋದರಮಾವನ ಗ್ಯಾರೇಜಿನಲ್ಲಿ ಬೈಗುಳ ತಿಂದು ಕಲಿತ ವಿದ್ಯೆ. ಕಲಿತ ಹಾಗೆಯೇ ಕಲಿಸುತ್ತಿದ್ದ. ಒಮ್ಮೆ ಅವನು ಯಾರಿಗೋ ಬೈಯುತ್ತಿದ್ದಾಗ ಯಾವನೋ ಕದ್ದು ವಿಡಿಯೋ ತೆಗೆದು, ಒಂದೊಂದು ಬೈಗುಳಕ್ಕೂ ಒಂದೊಂದು ಕುಕ್ಕರ್ ಸೀಟಿ ಸೇರಿಸಿ ಹರಿಯಬಿಟ್ಟ. ಕ್ಯಾಂಟೀನಿನವನು ಟೀ ಕೊಡುತ್ತಲೇ ಕಿಸಕ್ಕೆಂದ. ಊಟಕ್ಕೆ ಬಂದ ಭಾಮೈದ, "ಭಾವ, ನೀವು ಎಷ್ಟು ಸೀಟಿಗೆ ಬೇಯ್ತೀರಾ?" ಎಂದು ಕೇಳಿ ಅಕ್ಕನ ಕೈಲಿ ಉಗಿಸಿಕೊಂಡ.

ಅಲ್ಲಿಂದಾಚೆಗೆ ಮೊಬೈಲ್ ಹಿಡಿದ ಕೈಯೆಲ್ಲ ಅವನಿಗೆ ಕಳ್ಳನ ಕೈ. ಟೈಮ್ ನೋಡಲು ತೆಗೆದರೂ ಅನುಮಾನ. "ಪಾಠ ನೋಡ್ತಿದೀನಿ ಸರ್" ಅಂದರಂತೂ ಅನುಮಾನ ಖಾತ್ರಿಯಾಗುತ್ತಿತ್ತು.

ಆ ಬ್ಯಾಚಿನಲ್ಲಿ ಕನ್ನಡಕದ ಹುಡುಗಿ ಒಬ್ಬಳಿದ್ದಳು. ಹಿಂದಿನ ಸಲ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿ ಮತ್ತೆ ಬಂದವಳು. ಈ ಸಲವೂ ಹೋದರೆ ಕೋರ್ಸೇ ಕೈಬಿಡಬೇಕು. ಅವಳು ಉಜ್ಜಿದ ತುಂಡು ಯಾವಾಗಲೂ ನಡುವೆ ಉಬ್ಬಿರುತ್ತಿತ್ತು. ಮೂಲೆಮಟ್ಟದ ನೇರ ಅಂಚನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ತೂರುತ್ತಿತ್ತು. "ಸಮ ಮಾಡು ಅಂದ್ರೆ ಗುಡ್ಡ ಮಾಡ್ತೀಯಲ್ಲಮ್ಮಾ!" ಎಂದು ಅವನು ಕೂಗುತ್ತಿದ್ದ. ಹೇಗೆ ಸಮ ಮಾಡಬೇಕೆಂದು ಹೇಳಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅವನ ಕೈಗೆ ಅದು ತಾನಾಗಿ ಬರುತ್ತಿತ್ತು, ಅಷ್ಟೆ.

ಪರೀಕ್ಷೆಯ ಹಿಂದಿನ ದಿನ ಅವನು ಉಜ್ಜಿ ತೋರಿಸುತ್ತಿದ್ದಾಗ ಎದುರಿನ ಕಿಟಕಿಯ ಗಾಜಿನಲ್ಲಿ ಒಂದು ಮೊಬೈಲ್ ಕಂಡಿತು. ಸ್ಪ್ಯಾನರ್ ಪೆಟ್ಟಿಗೆಗೆ ಒರಗಿಸಿ, ಅವನ ಕಡೆಗೇ ಮುಖ ಮಾಡಿಟ್ಟಿದ್ದಳು ಆ ಹುಡುಗಿ.

"ಸಿಕ್ಕಿಬಿದ್ಯಲ್ಲ! ಇದಕ್ಕೂ ಸೀಟಿ ಹಾಕ್ತೀಯಾ?"

"ಇಲ್ಲ ಸರ್, ಇದು ನಾನು ಕಲಿಯೋಕೆ..."

"ಕಲಿಯೋಕಂತೆ! ಬಾಯಿ ಮುಚ್ಕೊಂಡು ಅಳಿಸು. ಹಿಂದಿನವೂ."

"ಸರ್, ಅದರಲ್ಲಿ ನಂದೇ ಕೈ ಇರೋವೂ ಇವೆ."

"ಎಲ್ಲಾ ಅಂದ್ರೆ ಎಲ್ಲಾ. ಈಗ ಆ ಕಸದ ಬುಟ್ಟಿ ತೆಗಿ. ಅಳಿಸಿದ್ದು ಅಲ್ಲಿ ಹೋಗಿ ಕೂತಿರುತ್ತೆ. ನನ್ನನ್ನೇನು ಬೆಪ್ಪ ಅಂದ್ಕೊಂಡ್ಯಾ?"

ಕಸದ ಬುಟ್ಟಿಯ ಗುಟ್ಟು ಅವನ ಮಗಳು ಹೇಳಿಕೊಟ್ಟದ್ದು. ಹುಡುಗಿ ಅದನ್ನೂ ಖಾಲಿ ಮಾಡಿ, ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಹೋದಳು.

ಸಂಜೆ ಮನೆಯಲ್ಲಿ, ತಾನು ಒಬ್ಬಳಿಗೆ ಹೇಗೆ ಬುದ್ಧಿ ಕಲಿಸಿದೆನೆಂದು ಮೀಸೆ ತಿರುವುತ್ತಾ ಹೇಳಿದ. ಅದೇ ವಿಶ್ವವಿದ್ಯಾಲಯದಲ್ಲಿ ಕಾಮರ್ಸ್ ಓದುವ ಮಗಳು ಕೇಳಿಸಿಕೊಂಡು, ತನ್ನ ಮೊಬೈಲ್ ಅವನ ಮುಂದಿಟ್ಟಳು.

"ಅವಳ ರೂಮ್‌ಮೇಟು ಕಳಿಸಿದ್ಳು, ನಿಮ್ಮಪ್ಪನ ಕೈ ನೋಡು ಅಂತ. ಉಳಿದಿರೋದು ಇದೊಂದೇ."

ಮುಖವಿಲ್ಲ, ಬರೀ ಕೈಗಳು. ಅರ ನೀರಿನಲ್ಲಿ ತೇಲುವಂತೆ ನಿಧಾನವಾಗಿ ಮುಂದೆ ಹೋಗುತ್ತಿತ್ತು. ಹುಡುಗಿಯ ದನಿ ಹೇಳುತ್ತಿತ್ತು: "ಅರ ಮುಂದೆ ಹೋಗ್ತಾ ಹೋಗ್ತಾ ಸರ್ ಎಡಗೈ ಭಾರ ಬಿಡ್ತಾರೆ, ಬಲಗೈಗೆ ಹಾಕ್ತಾರೆ. ನಾನು ಕೊನೇವರೆಗೂ ಎಡಗೈ ಒತ್ಕೊಂಡೇ ಇರ್ತೀನಿ. ಅದಕ್ಕೇ ಗುಡ್ಡ."

ಅವನು ಕಿವಿ ನಿಮಿರಿಸಿಕೊಂಡೇ ಕೂತಿದ್ದ. "ಸೀಟಿ ಎಲ್ಲಿ ಬರುತ್ತೆ?"

"ಸೀಟಿ ಇಲ್ಲಪ್ಪ. ನಿನ್ನ ಕೈ ವಿಡಿಯೋ, ಅವಳ ಕೈ ವಿಡಿಯೋ ಪಕ್ಕಪಕ್ಕ ಇಟ್ಕೊಂಡು ತಿದ್ಕೊತಿದ್ಳಂತೆ. ಅವಳ ತಪ್ಪೆಲ್ಲ ಅದರಲ್ಲೇ ಕಾಣ್ತಿತ್ತು."

"ನನಗೆ ಮೊದಲೇ ಹೇಳೋಕೇನಾಗಿತ್ತು?"

"ಮೊಬೈಲ್ ಅಂದ್ರೆ ಸಾಕು, ಉರಿದು ಬೀಳ್ತೀಯ. ಯಾರು ಹೇಳ್ತಾರೆ?"

ಮೇಜಿನ ಅಂಚಿನ ಮೇಲೆ ಬರಿಗೈ ಆಡಿಸಿ ನೋಡಿದ. ಹೌದು, ಎಡಗೈ ಭಾರ ಬಿಡುತ್ತಿತ್ತು. ಇಷ್ಟು ವರ್ಷ ತನ್ನ ಕೈ ಏನು ಮಾಡುತ್ತಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತ. ಪರೀಕ್ಷಕರು ಬರುವುದರೊಳಗೆ ಅವಳ ಕೈ ಹಿಡಿದು ತಿದ್ದಬೇಕು, ತಪ್ಪಾಯ್ತಮ್ಮ ಅನ್ನಬೇಕು. ಹುಡುಗಿ ಅವನನ್ನು ಕಂಡದ್ದೇ ಚೀಲ ಬಿಚ್ಚಿ ಮೊಬೈಲ್ ಎತ್ತಿ ತೋರಿಸಿದಳು.

"ಆಫ್ ಮಾಡಿದೀನಿ ಸರ್. ಚೆಕ್ ಮಾಡ್ಕೊಳ್ಳಿ."

ಅವನ ಮೈ ಉರಿದುಹೋಯಿತು. ಅನ್ನಬೇಕೆಂದಿದ್ದ ಮಾತಿನ ಬದಲು ಬೇರೆಯದೇ ಹೊರಬಿತ್ತು: "ನಾನೇನು ಪೊಲೀಸಾ? ನಡಿ ಒಳಗೆ!"

ಪರೀಕ್ಷಕರು ಅವಳ ತುಂಡನ್ನು ಬೆಳಕಿಗೆ ಹಿಡಿದಾಗ ಅವನು ಗೋಡೆಯ ಕಡೆ ತಿರುಗಿದ. ತುದಿಗಳಲ್ಲಿ ಬೆಳಕು ಮೊದಲಿನಷ್ಟಿರಲಿಲ್ಲ, ಆದರೂ ಇತ್ತು. ಹುಡುಗಿ ಕೋರ್ಸ್ ಬಿಟ್ಟು ಹೋದಳು.

ಈಗ ಅವನು ಹೊಸಬರಿಗೆಲ್ಲ ಎಡಗೈ ಭಾರ ಬಿಡುವುದನ್ನು ಹೇಳಿಕೊಡುತ್ತಾನೆ, ಅವಳು ಹೇಳಿದ ಮಾತಿನಲ್ಲೇ. ಮಗಳು ಅವಳ ನಂಬರ್ ತಂದುಕೊಟ್ಟು, "ಒಂದು ಮಾತು ತಾನೇ ಅಪ್ಪ, ಫೋನ್ ಮಾಡು" ಎಂದು ಎಷ್ಟೋ ಸಲ ಹೇಳಿದ್ದಾಳೆ. ಒಂದು ಸಲ ನಂಬರ್ ಒತ್ತಿಯೂ ಒತ್ತಿದ್ದ. ರಿಂಗ್ ಆಗುವ ಮೊದಲೇ ಕತ್ತರಿಸಿದ.

"ಯಾಕಪ್ಪ?"

"ನಾನು ತಪ್ಪಾಯ್ತು ಅಂದಿದ್ದನ್ನ ರೆಕಾರ್ಡ್ ಮಾಡ್ಕೊಂಡ್ರೆ?"

ಆ ಮಾತು ಅವನ ಹತ್ತಿರವೇ ಬಾಕಿ ಉಳಿದಿದೆ.