ಮೂರು ಸಲ ಬೇಡ

ನಮ್ಮಣ್ಣನಷ್ಟು ಚೆಂದಾಗಿ ‘ಬೇಡ’ ಎನ್ನುವವರು ರೋಣದ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಜಕ್ಕಲಿಯಲ್ಲಿ ಬದುವಿನ ಜಗಳವಾಗಲಿ, ಅಸೂಟಿಯಲ್ಲಿ ಅಣ್ಣತಮ್ಮಂದಿರು ಪಾಲಿಗೆ ಕೂರಲಿ, ಪಂಚನಾಗಲು ಅವನಿಗೇ ಕರೆ ಬರುತ್ತಿತ್ತು. ಮೊದಲ ಕರೆಗೆ “ನಾ ಯಾಕಪಾ” ಎನ್ನುತ್ತಿದ್ದ. ಎರಡನೆಯದಕ್ಕೆ ಮೊಳಕಾಲು ನೋವು ಹೇಳುತ್ತಿದ್ದ. ಮೂರನೆಯ ಸಲ ಕೈಹಿಡಿದು ಎಬ್ಬಿಸಿದರೆ ಗೊಣಗುತ್ತ ಏಳುತ್ತಿದ್ದ. ರುಮಾಲು ಮಾತ್ರ ಮೊದಲ ಕರೆಗೇ ಸುತ್ತಿ ಸಿದ್ಧವಾಗಿರುತ್ತಿತ್ತು. ಇದರಲ್ಲಿ ಅವನ ತಪ್ಪೇನೂ ಇಲ್ಲ. ನಮ್ಮ ಕಡೆ ಮರ್ಯಾದಸ್ಥರು ಯಾವುದಕ್ಕೂ ಮೊದಲ ಸಲಕ್ಕೇ ಒಪ್ಪುವುದಿಲ್ಲ, ಎರಡನೆಯ ರೊಟ್ಟಿಗೂ.

ನರಗುಂದದ ಬಂಡಾಯಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಪೇಟೆಯ ದಾರಿ, ಬಾವಿ, ಕೆರೆಗಳಿಗೆ ಕಾಯಿದೆ ಮಾಡಲು ಊರಿನ ನಾಲ್ವರು ದೊಡ್ಡವರ ಕಮಿಟಿಯಾಗುತ್ತದೆ ಎಂದು ಕಂಪನಿ ಸರ್ಕಾರದಿಂದ ಸುದ್ದಿ ಬಂತು. ಆವತ್ತಿನಿಂದ ಅಣ್ಣನಿಗೆ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಕಂಡವರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ನ್ಯಾಯ ಹೇಳಿದವನಿಗೆ ಒಮ್ಮೆ ಸರ್ಕಾರದ ಕುರ್ಚಿಯ ಮೇಲೆ ಕೂರಬೇಕಿತ್ತು. ಅದನ್ನು ಬಾಯಿಬಿಟ್ಟು ಕೇಳುವುದುಂಟೇ? ನನ್ನನ್ನು ಬಣವೆಯ ಹಿಂದೆ ಕರೆದೊಯ್ದು ಪಾಠ ಹೇಳಿಕೊಟ್ಟ.

“ತಮ್ಮಾ, ನಾ ಒಲ್ಲೆ ಅಂದಕೂಡ್ಲೆ ನೀ ಮುಂದ ಬಾ. ‘ಅಣ್ಣಾರ, ಊರಿಗೋಸ್ಕರ ಒಪ್ಪಿಕೋರಿ’ ಅನ್ನು. ಮೂರ ಸಲ ಅನ್ನಬೇಕು ನೋಡು, ಅವಸರ ಮಾಡಬ್ಯಾಡ.”

“ಹೂಂ ಅಣ್ಣಾ,” ಎಂದೆ.

ಗಜೇಂದ್ರಗಡದ ದಾರಿಯ ಮಾವಿನ ತೋಪಿನಲ್ಲಿ, ಕಮಿಟಿಗೆ ಜನ ಆರಿಸಲು ಬಂದ ಕಂಪನಿ ಸಾಹೇಬರ ಡೇರೆ. ಸಾಹೇಬರ ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಲು ಪಕ್ಕದಲ್ಲಿ ಸಿರಸ್ತೇದಾರರು. ಅವರು ನಮ್ಮ ಕಡೆಯವರೇ. ನನ್ನ ಮದುವೆಯಲ್ಲಿ ಮೂರು ಸಲ ಬೇಡವೆಂದು ನಾಲ್ಕು ಹೋಳಿಗೆ ತಿಂದವರು.

“ಕಮಿಟಿಯೊಳಗ ಕುಂದರತೀರೇನು ಅಂತ ಸಾಹೇಬ್ರು ಕೇಳಾಕತ್ಯಾರ,” ಎಂದರು.

ಅಣ್ಣ ಕೈಮುಗಿದ. “ಛೇ ಛೇ, ನಾ ಎಷ್ಟರಾಂವರಿ? ನನಗ ಬ್ಯಾಡ್ರಿ.”

ಎಂಥ ಸೊಗಸಾದ ಬೇಡ! ಸಿರಸ್ತೇದಾರರಿಗೆ ಅದರ ಒಳಗುಟ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆಡಿದ ಮಾತನ್ನಷ್ಟೇ ದಾಟಿಸುವುದು ಅವರ ನೌಕರಿ. ಸಾಹೇಬರು ತಲೆಯಾಡಿಸಿ, ಕಾಗದದ ಮೇಲಿದ್ದ ಹೆಸರಿಗೆ ಒಂದು ಗೀಟು ಎಳೆದರು. ಅಷ್ಟೇ. ಎರಡನೆಯ ಸಲ ಕೇಳಲೇ ಇಲ್ಲ. ನಾನು ಪಾಠ ಒಪ್ಪಿಸಲು ಮುಂದೆ ಬಂದೆ. ಸಾಹೇಬರ ಕಣ್ಣು ನನ್ನ ಮೇಲೆ ಬಿತ್ತು.

“ಹಂಗಾರ ನೀವು ಕುಂದರತೀರೇನು?” ಎಂದರು ಸಿರಸ್ತೇದಾರರು.

“ಹೂಂರಿ,” ಎಂದೆ.

ಬಾಯಿತಪ್ಪಿ ಬಂತೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದು ಸುಳ್ಳು. ಆ ಕುರ್ಚಿ ನನಗೂ ಬೇಕಿತ್ತು. ಬೇಕಿತ್ತೆಂಬುದು ನನಗೂ ಆ ಗಳಿಗೆಯಲ್ಲೇ ತಿಳಿದದ್ದು.

ಚಕ್ಕಡಿಯಲ್ಲಿ ಊರು ಮುಟ್ಟುವವರೆಗೆ ಅಣ್ಣ ಎತ್ತುಗಳ ಜೊತೆಗಷ್ಟೇ ಮಾತಾಡಿದ. ಮನೆ ಕಾಣಿಸಿದಾಗ ಒಂದೇ ಮಾತು ಅಂದ: “ನೀ ಒಮ್ಮೆಯಾರ ಬ್ಯಾಡ ಅನಬೇಕಿತ್ತಲ್ಲೋ.” ನನಗೆ ನಾಚಿಕೆಯಾಯಿತು. ಆದರೂ ಮರುದಿನ ಬೆಳಿಗ್ಗೆ ಹೊಸ ರುಮಾಲಿಗೆ ಅರಿವೆ ತರಲು ಪೇಟೆಗೆ ಹೋದೆ.

ಅಲ್ಲಿಂದ ಬಂದು ಅಣ್ಣನ ಪಕ್ಕ ಊಟಕ್ಕೆ ಕುಳಿತೆ. ನಮ್ಮದು ಒಂದೇ ಒಲೆಯ ಮನೆ. ಅಣ್ಣನ ಹೆಂಡತಿ, ನಮ್ಮ ವೈನಿ, ಬಿಸಿ ರೊಟ್ಟಿ ಹಿಡಿದು ಬಂದರು.

“ಸಾಕ್ರಿ ವೈನಿ,” ಎಂದೆ, ಹುಟ್ಟಿದಾಗಿನಿಂದ ಅಂದ ಹಾಗೆ. ವೈನಿಯೂ ಎಂದಿನಂತೆ ತಾಟಿನ ಮೇಲೆ ಬಾಗಿದರು.

ಅಣ್ಣ ತಲೆ ಎತ್ತದೆ ಹೇಳಿದ: “ಬ್ಯಾಡ ಅಂದ ಮ್ಯಾಲ ಯಾಕ ಒತ್ತಾಯ ಮಾಡತಿ? ಅಂವಾ ಈಗ ಸರಕಾರದ ಮನಷ್ಯಾ.”

ರೊಟ್ಟಿ ಬುಟ್ಟಿಗೆ ಹೋಯಿತು.

ಕಮಿಟಿಯಲ್ಲಿ ನಾನು ನಾಲ್ಕು ವರ್ಷ ಕುಳಿತೆ. ಗಟಾರ ಹೇಗಿರಬೇಕೆಂದು ಚಲೋ ಕಾಯಿದೆ ಮಾಡಿದೆವು. ಊರಿಗೆ ಗಟಾರವೇ ಇನ್ನೂ ಬಂದಿರಲಿಲ್ಲ. ಸಂತೆಯಲ್ಲಿ ಜನ ನನಗೆ ದಾರಿ ಬಿಡುತ್ತಿದ್ದರು. ಅಣ್ಣ ನನ್ನ ಸಂಗಡ ಮಾತು ಬಿಡಲಿಲ್ಲ, ಜಗಳವಾಡಲಿಲ್ಲ, ಪಾಲು ಕೇಳಲಿಲ್ಲ. ಆದರೆ ಆ ಮನೆಯಲ್ಲಿ ಯಾರೂ ನನ್ನನ್ನು ಯಾವುದಕ್ಕೂ ಎರಡನೆಯ ಸಲ ಕೇಳಲಿಲ್ಲ.